ಬಿಳಿಕೊಳೆಯ ಬೇಸಾಯ

ಭಟ್ಕಳ, ಹೊನ್ನಾವರ, ಕುಮಟಾ ತಾಲ್ಲೂಕುಗಳ ಕರಾವಳಿಯಲ್ಲಿ ಕೊಳೆ ಎಂಬ ಮಾತು ಯಾರ ಕಿವಿಗೂ ಹಿತವಲ್ಲ. ವರ್ಷಕ್ಕೆ ಮೂರು ಸಾವಿರ ಮಿಲಿಮೀಟರಿಗೂ ಮಿಕ್ಕಿ ಮಳೆ ಬೀಳುವ ಈ ನಾಡಿನಲ್ಲಿ ಅಡಿಕೆಯ ಗೊನೆಗೆ ಕೊಳೆರೋಗ, ಮಾಡಿನ ತೊಲೆಗೆ ಕುಂಬು, ಬಣವೆಯ ಹುಲ್ಲಿಗೆ ಬೂಷ್ಟು. ಹೀಗೆ ಮಳೆಗಾಲದ ನಾಲ್ಕು ತಿಂಗಳೂ ಮನುಷ್ಯನು ಕೊಳೆಯೊಡನೆ ಹೋರಾಡುತ್ತಲೇ ಇರಬೇಕು. ಆದರೆ ಕೊಳೆಯುವುದೆಲ್ಲ ಒಂದೇ ಬಗೆಯದಲ್ಲ, ಕೊಳೆಸುವ ಜೀವಿಗಳೂ ಒಂದೇ ಕುಲದವಲ್ಲ. ಅವುಗಳಲ್ಲಿ ಒಂದು ವರ್ಗಕ್ಕೆ ಜಗತ್ತಿನ ಬೇರಾವ ಜೀವಿಗೂ ಅಷ್ಟು ಚೆನ್ನಾಗಿ ತಿಳಿಯದ ಒಂದು ವಿದ್ಯೆ ತಿಳಿದಿದೆ. ಆ ವಿದ್ಯೆಯನ್ನು ನಾವು ಕಲಿತುಕೊಂಡರೆ ನಮ್ಮ ಹಿತ್ತಿಲಿನ ಕಸದಿಂದ ಬೆಲೆಯುಳ್ಳ ವಸ್ತುಗಳನ್ನು ಪಡೆಯಬಹುದು. ಅದನ್ನು ಕಲಿಯಲು ದೂರದ ದೊಡ್ಡ ಕಾರ್ಖಾನೆಗಳ ದಾರಿ ಕಾಯಬೇಕಾಗಿಲ್ಲ, ನಮ್ಮ ಕಾಲೇಜುಗಳಲ್ಲಿಯೇ ಅದರ ಆರಂಭವಾಗಬೇಕು ಎಂಬುದು ನಮ್ಮ ಅಭಿಪ್ರಾಯ. ಅದಕ್ಕೆ ಕಾರಣಗಳನ್ನು ಇಲ್ಲಿ ವಿವರಿಸುತ್ತೇವೆ.

ಮರದಲ್ಲಿ ಮುಖ್ಯವಾಗಿ ಮೂರು ವಸ್ತುಗಳಿವೆ. ಮೊದಲನೆಯದು ಸೆಲ್ಯುಲೋಸ್. ಇದು ಸಕ್ಕರೆಯ ಅಣುಗಳನ್ನು ಸರವಾಗಿ ಪೋಣಿಸಿದ ನೂಲು. ಎರಡನೆಯದು ಹೆಮಿಸೆಲ್ಯುಲೋಸ್. ಇದೂ ಸಕ್ಕರೆಗಳದೇ ಸರ, ಆದರೆ ಗಿಡ್ಡನಾದದ್ದು, ಕವಲೊಡೆದದ್ದು. ಮೂರನೆಯದು ಲಿಗ್ನಿನ್. ಇದು ಆ ನೂಲುಗಳನ್ನು ಬಂಧಿಸಿ ಮರಕ್ಕೆ ಗಟ್ಟಿತನವನ್ನು ಕೊಡುವ ಗಾರೆಯಿದ್ದಂತೆ. ಮರದ ತೂಕದಲ್ಲಿ ಸುಮಾರು ಕಾಲು ಪಾಲು ಲಿಗ್ನಿನ್ನೇ ಆಗಿರುತ್ತದೆ. ತೆಂಗಿನ ಸಿಪ್ಪೆಯಲ್ಲಿ ಅದರ ಪಾಲು ಇನ್ನೂ ಹೆಚ್ಚು. ತೆಂಗಿನ ನಾರು ತಿಂಗಳುಗಟ್ಟಲೆ ನೀರಿನಲ್ಲಿದ್ದರೂ ಕೊಳೆಯದೆ ಹಗ್ಗವಾಗಿ ಬಾಳುವುದು ಈ ಲಿಗ್ನಿನ್ನಿನ ಬಲದಿಂದಲೇ.

ಮರವನ್ನು ತಿನ್ನುವ ಶಿಲೀಂಧ್ರಗಳಲ್ಲಿ ಎರಡು ಪಂಗಡಗಳುಂಟು. ಒಂದು ಪಂಗಡವು ಸಕ್ಕರೆಯ ಸರಗಳನ್ನು ತಿಂದು ಲಿಗ್ನಿನ್ನನ್ನು ಬಹುಮಟ್ಟಿಗೆ ಹಾಗೆಯೇ ಬಿಡುತ್ತದೆ. ಆಗ ಉಳಿದ ಮರವು ಕಂದು ಬಣ್ಣ ತಾಳಿ ಚೌಕ ಚೌಕವಾಗಿ ಒಡೆಯುತ್ತದೆ. ಇದು ಕಂದುಕೊಳೆ. ಇನ್ನೊಂದು ಪಂಗಡವು ಕಂದು ಬಣ್ಣದ ಲಿಗ್ನಿನ್ನನ್ನೇ ಕಿತ್ತು ಹಾಕುತ್ತದೆ. ಉಳಿದ ಮರವು ಬಿಳಿಚಿಕೊಂಡು ಎಳೆ ಎಳೆಯಾಗುತ್ತದೆ. ಇದು ಬಿಳಿಕೊಳೆ. ಹತ್ತೊಂಬತ್ತನೆಯ ಶತಮಾನದಲ್ಲಿ ಜರ್ಮನಿಯ ರಾಬರ್ಟ್ ಹಾರ್ಟಿಗ್ ಎಂಬ ವಿಜ್ಞಾನಿಯು ಮರದ ಕೊಳೆಯನ್ನು ಶಾಸ್ತ್ರೀಯವಾಗಿ ಪರಿಶೀಲಿಸಿ, ಅದಕ್ಕೆ ಶಿಲೀಂಧ್ರಗಳೇ ಕಾರಣವೆಂದು ಸ್ಥಾಪಿಸಿದನು. ಸಹ್ಯಾದ್ರಿಯ ಬುಡದಲ್ಲಿ ಬಿದ್ದ ಮರಗಳ ಮೇಲೆ ಬೀಸಣಿಗೆಯಂತೆ ಸಾಲುಗಟ್ಟಿ ಏಳುವ ಟ್ರಾಮೆಟಿಸ್, ಸಿಂಧೂರದ ಬಣ್ಣದ ಪಿಕ್ನೊಪೋರಸ್, ಅರಗು ಬಳಿದಂತೆ ಮಿರುಗುವ ಗ್ಯಾನೋಡರ್ಮ, ಅಡುಗೆಗೂ ಒದಗುವ ಚಿಪ್ಪಣಬೆ ಇವೆಲ್ಲ ಬಿಳಿಕೊಳೆಯ ಪಂಗಡಕ್ಕೆ ಸೇರಿದವು. ಅಡಿಕೆಯ ಕೊಳೆರೋಗವನ್ನು ತರುವ ಫೈಟಾಫ್ತೊರಕ್ಕೂ ಇವಕ್ಕೂ ಯಾವ ಸಂಬಂಧವೂ ಇಲ್ಲ. ಅದು ಶಿಲೀಂಧ್ರದಂತೆ ಕಾಣುವ ಬೇರೆಯೇ ಕುಲದ ಜೀವಿ.

ಲಿಗ್ನಿನ್ನನ್ನು ಒಡೆಯುವುದು ಅಷ್ಟು ಕಷ್ಟವೇಕೆ ಎಂದು ವಾಚಕರು ಕೇಳಬಹುದು. ಕಿಣ್ವಗಳು ಸಾಮಾನ್ಯವಾಗಿ ಬೀಗಕ್ಕೆ ಕೀಲಿಕೈಯಂತೆ ಕೆಲಸ ಮಾಡುತ್ತವೆ. ಸೆಲ್ಯುಲೋಸಿನಲ್ಲಿ ಒಂದೇ ಬಗೆಯ ಕೊಂಡಿ ಉದ್ದಕ್ಕೂ ಬರುವುದರಿಂದ ಒಂದು ಕೀಲಿಕೈ ಸಾಕು. ಲಿಗ್ನಿನ್ನಿನಲ್ಲಾದರೋ ಕೊಂಡಿಗಳಿಗೆ ಕ್ರಮವೇ ಇಲ್ಲ. ಉಂಗುರದಾಕಾರದ ಅಣುಗಳು ಹತ್ತಾರು ಬಗೆಯಲ್ಲಿ ಒಂದಕ್ಕೊಂದು ಹೆಣೆದುಕೊಂಡಿರುತ್ತವೆ. ಮೇಲಾಗಿ, ಆ ಅಣು ತುಂಬ ದೊಡ್ಡದಾದುದರಿಂದ ಶಿಲೀಂಧ್ರದ ಜೀವಕೋಶದೊಳಕ್ಕೆ ಹೋಗಲಾರದು. ಆದ್ದರಿಂದ ಬಿಳಿಕೊಳೆಯ ಶಿಲೀಂಧ್ರವು ಕೀಲಿಕೈಯ ದಾರಿಯನ್ನೇ ಬಿಟ್ಟು ಬೇರೊಂದು ಉಪಾಯವನ್ನು ಹೂಡುತ್ತದೆ. ಅದು ತನ್ನ ಕಿಣ್ವಗಳನ್ನು ಹೊರಕ್ಕೆ ಸ್ರವಿಸಿ, ಅವುಗಳ ಮೂಲಕ ಲಿಗ್ನಿನ್ನಿನಿಂದ ಒಂದೊಂದೇ ಎಲೆಕ್ಟ್ರಾನನ್ನು ಕಸಿದುಕೊಳ್ಳುತ್ತದೆ. ಎಲೆಕ್ಟ್ರಾನನ್ನು ಕಳೆದುಕೊಂಡ ಅಣು ಸ್ಥಿಮಿತ ತಪ್ಪಿ ತಾನಾಗಿಯೇ ಒಡೆಯುತ್ತದೆ. ಇದು ಮಂದವಾಗಿ ಉರಿಯುವ ಒಂದು ಬೆಂಕಿ ಎನ್ನಬಹುದು. ಒಲೆಯಲ್ಲಿ ಕಟ್ಟಿಗೆಗೆ ಆಮ್ಲಜನಕವು ಮಾಡುವ ಕೆಲಸವನ್ನೇ ಶಿಲೀಂಧ್ರವು ತಣ್ಣಗಿನ ಕಾಡಿನಲ್ಲಿ, ಜ್ವಾಲೆಯಿಲ್ಲದೆ, ನಿಧಾನವಾಗಿ ಮಾಡುತ್ತದೆ.

ಈ ಕಿಣ್ವಗಳಲ್ಲಿ ಮೂರು ಮುಖ್ಯವಾದವು. ಲ್ಯಾಕೇಸ್ ಎಂಬುದು ನಾಲ್ಕು ತಾಮ್ರದ ಪರಮಾಣುಗಳನ್ನು ಒಡಲಲ್ಲಿಟ್ಟುಕೊಂಡು, ಗಾಳಿಯ ಆಮ್ಲಜನಕವನ್ನೇ ಬಳಸಿ ಕೆಲಸ ಮಾಡುತ್ತದೆ. ಆ ಆಮ್ಲಜನಕವು ಕೊನೆಗೆ ನೀರಾಗುತ್ತದೆ. ಇದನ್ನು ೧೮೮೩ರಲ್ಲಿ ಜಪಾನಿನ ಯೋಶಿದಾ ಎಂಬ ರಸಾಯನ ವಿಜ್ಞಾನಿಯು ಅರಗಿನ ಮರದ ರಸದಲ್ಲಿ ಮೊದಲು ಗುರುತಿಸಿದನು. ಅದೇ ಬಗೆಯ ಕಿಣ್ವ ಶಿಲೀಂಧ್ರಗಳಲ್ಲಿಯೂ ಇರುವುದು ಆ ಶತಮಾನ ಮುಗಿಯುವುದರೊಳಗೆ ತಿಳಿದುಬಂತು. ಇನ್ನೆರಡು ಕಿಣ್ವಗಳು ಲಿಗ್ನಿನ್ ಪೆರಾಕ್ಸಿಡೇಸ್ ಮತ್ತು ಮ್ಯಾಂಗನೀಸ್ ಪೆರಾಕ್ಸಿಡೇಸ್. ನಮ್ಮ ರಕ್ತದ ಹಿಮೋಗ್ಲೋಬಿನ್ನಿನಲ್ಲಿರುವಂತೆ ಇವುಗಳಲ್ಲಿ ಕಬ್ಬಿಣವುಂಟು. ಇವಕ್ಕೆ ಹೈಡ್ರೊಜನ್ ಪೆರಾಕ್ಸೈಡ್ ಬೇಕು. ಅದನ್ನೂ ಶಿಲೀಂಧ್ರವೇ ತಯಾರಿಸಿಕೊಳ್ಳುತ್ತದೆ. ಲಿಗ್ನಿನ್ ಪೆರಾಕ್ಸಿಡೇಸನ್ನು ೧೯೮೩ರಲ್ಲಿ ಅಮೆರಿಕದ ಎರಡು ಸಂಶೋಧಕ ತಂಡಗಳು ಬೇರೆ ಬೇರೆಯಾಗಿ ಪ್ರಕಟಿಸಿದುವು. ಲ್ಯಾಕೇಸ್ ಗೊತ್ತಾದ ಸರಿಯಾಗಿ ನೂರು ವರ್ಷಗಳ ಮೇಲೆ! ಎರಡು ತಂಡಗಳೂ ಪರೀಕ್ಷಿಸಿದ್ದು ಫನೆರೊಕೀಟ್ ಕ್ರೈಸೊಸ್ಪೋರಿಯಮ್ ಎಂಬ ಒಂದೇ ಶಿಲೀಂಧ್ರವನ್ನು.

ಈ ಕಿಣ್ವಗಳಿಂದ ಏನು ಪ್ರಯೋಜನ? ಕಾಗದದ ತಿರುಳನ್ನು ಬೆಳ್ಳಗೆ ಮಾಡಲು ಕ್ಲೋರಿನ್ ಸಂಯುಕ್ತಗಳನ್ನು ಬಳಸಿದಾಗ ನದಿಗೆ ಕೇಡುಂಟುಮಾಡುವ ವಸ್ತುಗಳು ಹುಟ್ಟುತ್ತವೆ. ಕಿಣ್ವದ ನೆರವಿದ್ದರೆ ಆ ರಾಸಾಯನಿಕಗಳ ಪ್ರಮಾಣವನ್ನು ಇಳಿಸಬಹುದು. ೧೯೫೯ರಿಂದ ಕಾಳಿ ನದಿಯ ದಂಡೆಯ ದಾಂಡೇಲಿಯಲ್ಲಿ ಕಾಗದದ ಕಾರ್ಖಾನೆ ನಡೆಯುತ್ತಿರುವ ನಮ್ಮ ಜಿಲ್ಲೆಗೆ ಇದು ದೂರದ ಮಾತಲ್ಲ. ಬಟ್ಟೆಯ ಕೈಗಾರಿಕೆಯಲ್ಲಿ ೧೯೯೬ರಿಂದ ಈಚೆಗೆ ನೀಲಿ ಡೆನಿಮ್ ಬಟ್ಟೆಯ ಬಣ್ಣವನ್ನು ತಿಳಿಗೊಳಿಸಲು ಲ್ಯಾಕೇಸನ್ನು ಮಾರುತ್ತಿದ್ದಾರೆ. ಬಣ್ಣದ ಕಾರ್ಖಾನೆಗಳ ಕೊಳಕು ನೀರನ್ನು ತಿಳಿಯಾಗಿಸಲೂ ಈ ಕಿಣ್ವಗಳು ಒದಗುತ್ತವೆ. ಆದರೆ ನಮ್ಮ ಮೂರು ತಾಲ್ಲೂಕುಗಳ ಮಟ್ಟಿಗೆ ಇವೆಲ್ಲಕ್ಕಿಂತ ಹತ್ತಿರದ ಉಪಯೋಗಗಳು ಎರಡಿವೆ. ಒಂದು ಕೊಟ್ಟಿಗೆಯಲ್ಲಿ, ಇನ್ನೊಂದು ತೆಂಗಿನ ತೋಟದಲ್ಲಿ.

ಮೊದಲು ಕೊಟ್ಟಿಗೆಯ ಮಾತು. ಭತ್ತದ ಹುಲ್ಲೇ ನಮ್ಮ ದನಗಳಿಗೆ ವರ್ಷದ ಬಹುಭಾಗದ ಮೇವು. ಹುಲ್ಲಿನಲ್ಲಿ ಸಕ್ಕರೆಯ ಸರಗಳು ಬೇಕಾದಷ್ಟಿದ್ದರೂ ದನಕ್ಕೆ ಅದರ ಪೂರ್ಣ ಲಾಭ ದೊರೆಯದು. ಲಿಗ್ನಿನ್ನಿನ ಬಂಧ ಅಡ್ಡ ಬರುತ್ತದೆ. ಲಿಗ್ನಿನ್ನನ್ನು ಈ ಬಗೆಯಲ್ಲಿ ಒಡೆಯಲು ಆಮ್ಲಜನಕ ಬೇಕು, ದನದ ಮೊದಲ ಹೊಟ್ಟೆಯಲ್ಲಾದರೋ ಆಮ್ಲಜನಕವಿಲ್ಲ. ಆದ್ದರಿಂದ ಈ ಕೆಲಸವು ಹುಲ್ಲು ದನದ ಬಾಯಿಗೆ ಹೋಗುವ ಮುನ್ನವೇ ಆಗಬೇಕು. ೧೯೮೦ರ ದಶಕದಲ್ಲಿ ಹರಿಯಾಣದ ಕರ್ನಾಲಿನ ರಾಷ್ಟ್ರೀಯ ಹೈನು ಸಂಶೋಧನಾ ಸಂಸ್ಥೆಯವರು ಯೂರಿಯಾ ಬೆರೆಸಿದ ಹುಲ್ಲಿನ ಮೇಲೆ ಶಿಲೀಂಧ್ರವನ್ನೇ ಬೆಳೆಸಿ ದನಗಳಿಗೆ ಹಾಕಿ ನೋಡಿದರು. ಅವರು ಆರಿಸಿದ್ದು ಕೊಪ್ರಿನಸ್ ಎಂಬ, ಹುಲ್ಲಿನ ಮೇಲೆ ಬೆಳೆಯುವ ಬೇರೊಂದು ಅಣಬೆಯನ್ನು. ಅಲ್ಲಿ ಎದುರಾದ ತೊಡಕು ಎಲ್ಲ ಶಿಲೀಂಧ್ರಗಳಿಗೂ ಸಲ್ಲುವಂಥದು. ಜೀವಂತ ಶಿಲೀಂಧ್ರಕ್ಕೂ ಹೊಟ್ಟೆಯುಂಟಷ್ಟೆ! ಅದು ದನಕ್ಕೆ ಸೇರಬೇಕಾದ ಸಕ್ಕರೆಯನ್ನು ತಾನೂ ತಿಂದು ಹುಲ್ಲಿನ ತೂಕವನ್ನೇ ಇಳಿಸಿತು. ಅತಿಥಿಯು ಅಡುಗೆ ಮಾಡಿಕೊಡಲು ಬಂದು ಅರ್ಧ ಊಟವನ್ನು ತಾನೇ ಮುಗಿಸಿದಂತಾಯಿತು.

ಶಿಲೀಂಧ್ರವನ್ನು ಬೇರೆಡೆ ಬೆಳೆಸಿ, ಅದರ ಕಿಣ್ವವನ್ನು ಮಾತ್ರ ಹುಲ್ಲಿಗೆ ಸಿಂಪಡಿಸಬೇಕೆಂಬ ಯೋಚನೆಗೆ ಬಲ ಬರುವುದು ಇಲ್ಲಿಯೇ. ಬೆಂಗಳೂರಿನ ಆಡುಗೋಡಿಯಲ್ಲಿ ೧೯೯೫ರಲ್ಲಿ ಆರಂಭವಾದ ರಾಷ್ಟ್ರೀಯ ಪಶು ಪೋಷಣೆ ಮತ್ತು ಶರೀರಕ್ರಿಯಾ ವಿಜ್ಞಾನ ಸಂಸ್ಥೆಯ ವಿಜ್ಞಾನಿಗಳು ಈ ದಾರಿಯನ್ನು ಹಿಡಿದು, ಬಿಳಿಕೊಳೆ ಶಿಲೀಂಧ್ರಗಳ ಲ್ಯಾಕೇಸ್ ಮತ್ತು ಪೆರಾಕ್ಸಿಡೇಸ್‌ಗಳನ್ನು ತಯಾರಿಸಿ ರಾಗಿ ಮತ್ತು ಭತ್ತದ ಹುಲ್ಲಿನ ಮೇಲೆ ಪ್ರಯೋಗಿಸಿ ನೋಡಿದ್ದಾರೆ. ಪ್ರಯೋಗಶಾಲೆಯಲ್ಲಿ ಹುಲ್ಲಿನ ಜೀರ್ಣಶಕ್ಯತೆ ಹೆಚ್ಚಿದುದನ್ನು ತೋರಿಸಿಯೂ ಇದ್ದಾರೆ. ಅಷ್ಟರಿಂದಲೇ ಎಲ್ಲವೂ ಸಾಧಿಸಿತೆಂದು ನಾವು ಹೇಳಲಾರೆವು. ಭತ್ತದ ಹುಲ್ಲಿನಲ್ಲಿ ಲಿಗ್ನಿನ್ನಿನ ಜೊತೆಗೆ ಮರಳಿನ ಜಾತಿಯ ಸಿಲಿಕಾ ಕೂಡ ಇದೆ, ಅದಕ್ಕೆ ಈ ಕಿಣ್ವಗಳಲ್ಲಿ ಮದ್ದಿಲ್ಲ. ಕಿಣ್ವದ ಬೆಲೆಯು ಹೆಚ್ಚಿದ ಹಾಲಿನ ಬೆಲೆಗಿಂತ ಕಡಿಮೆಯಾಗಬೇಕು. ಈ ಎರಡನೆಯ ಪ್ರಶ್ನೆಗೆ ಉತ್ತರ ದೊರೆಯಬೇಕಾದರೆ ಕಿಣ್ವವನ್ನು ಅಗ್ಗವಾಗಿ, ಹುಲ್ಲಿರುವ ಊರಿನ ಸಮೀಪದಲ್ಲಿಯೇ ತಯಾರಿಸುವ ಕ್ರಮ ತಿಳಿಯಬೇಕು.

ಎರಡನೆಯದು ತೆಂಗಿನ ಸಿಪ್ಪೆ. ಹೆಬಳೆಯಂಥ ಕಡಲ ಮಗ್ಗುಲಿನ ಗ್ರಾಮಗಳಲ್ಲಿ ತೆಂಗು ಎಲ್ಲರಿಗೂ ಪರಿಚಿತ. ಸಿಪ್ಪೆಯಿಂದ ನಾರನ್ನು ಬಿಡಿಸಿದಾಗ ನಾರಿಗಿಂತ ಪುಡಿಯೇ ಹೆಚ್ಚಾಗಿ ಬೀಳುತ್ತದೆ. ಆ ಪುಡಿ ವರ್ಷಗಟ್ಟಲೆ ಕೊಳೆಯದೆ ರಾಶಿ ಬಿದ್ದಿರುವುದು, ಮಳೆ ಬಂದಾಗ ಕಂದು ನೀರು ಸೋರಿ ಬಾವಿ ಹಳ್ಳಗಳನ್ನು ಸೇರುವುದು ನಾರಿನ ಉದ್ಯಮವಿರುವ ಕಡೆಗಳಲ್ಲಿ ಹಳೆಯ ತೊಂದರೆ. ಭಾರತದ ನಾರು ಮಂಡಳಿಯವರು ಇದಕ್ಕೆ ಚಿಪ್ಪಣಬೆಯ ಬೀಜವನ್ನೇ ಮದ್ದಾಗಿ ಬಳಸಿದರು. ಒಂದು ಟನ್ನು ಪುಡಿಗೆ ಸುಮಾರು ಐದು ಕಿಲೋಗ್ರಾಂ ಯೂರಿಯಾ ಮತ್ತು ಶಿಲೀಂಧ್ರದ ಬೀಜವನ್ನು ಪದರ ಪದರವಾಗಿ ಸೇರಿಸಿ ತೇವವಾಗಿಟ್ಟರೆ, ಸುಮಾರು ಒಂದು ತಿಂಗಳಿನಲ್ಲಿ ಅದು ಕಪ್ಪು ಗೊಬ್ಬರವಾಗುತ್ತದೆ. ಇಲ್ಲಿ ಕೆಲಸ ಮಾಡುವುದು ಅದೇ ಲ್ಯಾಕೇಸ್, ಅದೇ ಪೆರಾಕ್ಸಿಡೇಸ್. ಕಿಣ್ವವೆಂಬ ಹೆಸರೆತ್ತದೆಯೇ ಕಿಣ್ವದ ಕೈಗಾರಿಕೆಯು ನಮ್ಮ ನಾಡನ್ನು ಪ್ರವೇಶಿಸಿದ್ದಾಗಿದೆ.

ಇನ್ನು ಬೆಳೆಸುವ ಕ್ರಮವನ್ನು ನೋಡೋಣ. ಯೀಸ್ಟನ್ನು ಬೆಳೆಸುವಂತೆ ಈ ಶಿಲೀಂಧ್ರಗಳನ್ನು ದೊಡ್ಡ ತೊಟ್ಟಿಗಳಲ್ಲಿ ಕಲಕುತ್ತ ಬೆಳೆಸುವುದು ಸುಲಭವಲ್ಲ. ಫನೆರೊಕೀಟ್ ಶಿಲೀಂಧ್ರಕ್ಕೆ ಒಳ್ಳೆಯ ಊಟವಿಟ್ಟರೆ ಅದು ಮೈ ಬೆಳೆಸಿಕೊಳ್ಳುವುದೇ ಹೊರತು ಕಿಣ್ವವನ್ನು ಕೊಡದು. ಸಾರಜನಕದ ಕೊರತೆಯಾಗಿ ಹಸಿವು ಕಂಡಾಗಲೇ ಅದು ಲಿಗ್ನಿನ್ ಪೆರಾಕ್ಸಿಡೇಸನ್ನು ಸ್ರವಿಸತೊಡಗುತ್ತದೆ. ಕಾಡಿನ ಮರದಲ್ಲಿ ಸಾರಜನಕ ಬಹಳ ಕಡಿಮೆಯೆಂಬುದನ್ನು ನೆನೆದರೆ ಈ ಸ್ವಭಾವದ ಅರ್ಥ ಹೊಳೆಯುತ್ತದೆ. ತೊಟ್ಟಿಯಲ್ಲಿ ಬಲವಾಗಿ ಕಲಕಿದರೂ ಅದರ ಕಿಣ್ವ ಕುಗ್ಗುತ್ತದೆ. ಚಿಪ್ಪಣಬೆಯಂಥವು ಸಾರಜನಕದ ವಿಷಯದಲ್ಲಿ ಇಷ್ಟು ಕಟ್ಟುನಿಟ್ಟಿನವಲ್ಲ, ಆದುದರಿಂದಲೇ ಮೇಲೆ ಹೇಳಿದ ಗೊಬ್ಬರದಲ್ಲಿ ಯೂರಿಯಾ ಸಲ್ಲುತ್ತದೆ. ಸ್ವಲ್ಪ ತಾಮ್ರದ ಲವಣವನ್ನು ಬೆರೆಸಿದರೆ ಹಲವು ಶಿಲೀಂಧ್ರಗಳಲ್ಲಿ ಲ್ಯಾಕೇಸ್ ಹೆಚ್ಚುತ್ತದೆ. ಮ್ಯಾಂಗನೀಸನ್ನು ಬೆರೆಸಿದರೆ ಆ ಹೆಸರಿನ ಪೆರಾಕ್ಸಿಡೇಸ್ ಹೆಚ್ಚುತ್ತದೆ.

ತೊಟ್ಟಿಯ ಬದಲು ತಟ್ಟೆಯನ್ನು ಆರಿಸಿಕೊಂಡರೆ ದಾರಿ ಸರಳವಾಗುವುದು. ಹಬೆಯಲ್ಲಿ ಬೇಯಿಸಿ ಶುದ್ಧಗೊಳಿಸಿದ ಹುಲ್ಲು, ಅಡಿಕೆ ಸಿಪ್ಪೆ ಅಥವಾ ಹಾಳೆಯ ಚೂರುಗಳನ್ನು ತೇವಮಾಡಿ ತಟ್ಟೆಯಲ್ಲಿ ಹರಡಿ, ಶಿಲೀಂಧ್ರದ ಬೀಜವನ್ನು ಬಿತ್ತಿ ಕೆಲವು ವಾರ ಬಿಡುವುದು, ಬಳಿಕ ನೀರಿನಲ್ಲಿ ನೆನೆಸಿ ಹಿಂಡಿ ಸೋಸುವುದು: ಇದು ಘನ ಮಾಧ್ಯಮದ ಹುದುಗು. ಶಿಲೀಂಧ್ರಕ್ಕೆ ಇದು ಕಾಡಿನ ಕಟ್ಟಿಗೆಯಂತೆಯೇ ತೋರುವುದರಿಂದ ಕಿಣ್ವ ಚೆನ್ನಾಗಿ ಬರುತ್ತದೆ. ಚಿಪ್ಪಣಬೆಯನ್ನು ಕೊಯ್ದ ಮೇಲೆ ಉಳಿಯುವ ಹುಲ್ಲಿನ ಚೀಲದಲ್ಲಿಯೂ ಲ್ಯಾಕೇಸ್ ಉಳಿದಿರುತ್ತದೆ. ಬೆಂಗಳೂರಿನ ಹೆಸರಘಟ್ಟದ ತೋಟಗಾರಿಕಾ ಸಂಶೋಧನಾ ಸಂಸ್ಥೆಯು ಅಣಬೆಯ ಬೀಜವನ್ನೂ ತರಬೇತಿಯನ್ನೂ ಒದಗಿಸುತ್ತ ಬಂದಿದೆ. ಕಾಸರಗೋಡಿನ ತೋಟದ ಬೆಳೆಗಳ ಸಂಶೋಧನಾ ಸಂಸ್ಥೆಯು ತೆಂಗು ಅಡಿಕೆಗಳ ತ್ಯಾಜ್ಯದ ಮೇಲೆಯೇ ಚಿಪ್ಪಣಬೆ ಬೆಳೆಯುವ ಕ್ರಮವನ್ನು ರೂಪಿಸಿದೆ. ಹೀಗಿರಲು, ಅಣಬೆ ಬೆಳೆಯುವ ಮನೆಯೇ ಕಿಣ್ವದ ಮೊದಲ ಕಾರ್ಖಾನೆಯಾಗಬಾರದೇಕೆ?

ಇದಕ್ಕೆ ಒಂದು ಬಲವಾದ ಆಕ್ಷೇಪಣೆಯುಂಟು. ಡೆನಿಮ್ ಬಟ್ಟೆಗೆ ಬಳಕೆಗೆ ಬಂದ ಆ ಮೊದಲ ಲ್ಯಾಕೇಸನ್ನು ಕಾಡಿನ ಅಣಬೆಯಿಂದ ಹಿಂಡಿ ತೆಗೆದಿರಲಿಲ್ಲ. ಬೇರೊಂದು ಶಿಲೀಂಧ್ರದ ಜೀನನ್ನು ಆಸ್ಪರ್ಜಿಲಸ್ ಎಂಬ ಪಳಗಿದ ಬೂಷ್ಟಿನೊಳಗೆ ಸೇರಿಸಿ, ಭಾರಿ ತೊಟ್ಟಿಗಳಲ್ಲಿ ಬೆಳೆಸಿದ್ದರು. ಅಂಥವರ ಮುಂದೆ ತಟ್ಟೆಯ ಕಿಣ್ವದಿಂದ ಏನಾದೀತು ಎಂದು ತಿಳಿದವರು ಕೇಳುತ್ತಾರೆ. ಶುದ್ಧ ಕಿಣ್ವವನ್ನು ಮಾರುವ ಪೈಪೋಟಿಯಲ್ಲಿ ನಾವು ಗೆಲ್ಲಲಾರೆವೆಂಬುದನ್ನು ಒಪ್ಪುತ್ತೇವೆ. ಆದರೆ ಹುಲ್ಲಿಗೂ ಸಿಪ್ಪೆಯ ಪುಡಿಗೂ ಶುದ್ಧ ಕಿಣ್ವ ಬೇಕಾಗಿಯೇ ಇಲ್ಲ. ಅಲ್ಲಿಗೆ ಸೋಸಿದ ಒರಟು ರಸ ಸಾಕು, ಅದನ್ನು ದೂರದಿಂದ ತರಿಸುವ ವೆಚ್ಚವನ್ನು ಆ ಕೆಲಸ ತಾಳದು. ಕಬ್ಬಿಣವುಳ್ಳ ಪೆರಾಕ್ಸಿಡೇಸ್‌ಗಳನ್ನು ಪರಕೀಯ ಬೂಷ್ಟಿನಲ್ಲಿ ಹೇರಳವಾಗಿ ಪಡೆಯುವುದು ಲ್ಯಾಕೇಸಿಗಿಂತಲೂ ಕಷ್ಟವೆಂಬುದು ಅನುಭವಕ್ಕೆ ಬಂದಿದೆ. ಎಲ್ಲಕ್ಕೂ ಮಿಗಿಲಾಗಿ, ಜೀನಾದರೂ ಎಲ್ಲಿಂದ ಬರಬೇಕು? ಯಾವುದೋ ಕಾಡಿನ ಯಾವುದೋ ಕೊರಡಿನ ಮೇಲಿದ್ದ ಶಿಲೀಂಧ್ರದಿಂದಲೇ. ಬಿಸಿಲಿಗೂ ಉಪ್ಪಿಗೂ ಜಗ್ಗದ ಕಿಣ್ವವು ಹೊನ್ನಾವರದ ಶರಾವತಿಯ ಮುಖದಲ್ಲೋ ಕುಮಟೆಯ ಅಘನಾಶಿನಿಯ ಕಾಂಡ್ಲಾ ಕಾಡಿನಲ್ಲೋ ಅಡಗಿದ್ದೀತು. ಹುಡುಕಿದವರಿಲ್ಲದಿದ್ದರೆ ಅದು ಇದ್ದೂ ಇಲ್ಲದಂತೆಯೇ. ಮರ ಹೋದರೆ ಮರದ ಮೇಲಿನದೂ ಹೋಗುತ್ತದೆ, ಅದರ ಹೆಸರನ್ನು ಬರೆದಿಟ್ಟವರೂ ಇರುವುದಿಲ್ಲ.

ಹುಡುಕುವ ಕೆಲಸಕ್ಕೆ ದೊಡ್ಡ ಯಂತ್ರಗಳು ಬೇಕಿಲ್ಲ. ೧೯೨೮ರಲ್ಲಿ ಬಾವೆಂಡಾಮ್ ಎಂಬ ಜರ್ಮನ್ ವಿಜ್ಞಾನಿ ಒಂದು ಸುಲಭ ಪರೀಕ್ಷೆಯನ್ನು ತಿಳಿಸಿದನು. ಅಗರ್ ಮಾಧ್ಯಮಕ್ಕೆ ಸ್ವಲ್ಪ ಟ್ಯಾನಿಕ್ ಆಮ್ಲವನ್ನೋ ಗ್ಯಾಲಿಕ್ ಆಮ್ಲವನ್ನೋ ಬೆರೆಸಿ ಅದರ ಮೇಲೆ ಶಿಲೀಂಧ್ರವನ್ನು ನೆಟ್ಟರೆ, ಬಿಳಿಕೊಳೆಯ ಜಾತಿಯಾಗಿದ್ದಲ್ಲಿ ಸಾಮಾನ್ಯವಾಗಿ ಸುತ್ತಲೂ ಕಂದು ಬಳೆ ಮೂಡುತ್ತದೆ. ಕುಮಟೆಯ ಬಾಳಿಗಾ ಕಾಲೇಜು, ಹೊನ್ನಾವರದ ಎಸ್. ಡಿ. ಎಂ. ಕಾಲೇಜು, ಭಟ್ಕಳದ ಅಂಜುಮನ್ ಕಾಲೇಜು ಇಂಥ ಕಡೆಗಳಲ್ಲಿ ವಿಜ್ಞಾನ ಓದುವ ವಿದ್ಯಾರ್ಥಿಗಳು ಒಂದು ಮಳೆಗಾಲದಲ್ಲಿ ಮಾಡಬಹುದಾದ ಕೆಲಸವಿದು. ಯಾವ ಊರಿನ ಯಾವ ಮರದ ಮೇಲೆ, ಯಾವ ದಿನ ದೊರೆಯಿತೆಂಬುದನ್ನು ತಪ್ಪದೆ ಬರೆದಿಡಬೇಕು. ಉತ್ತಮವಾಗಿ ಕಂಡ ತಳಿಗಳನ್ನು ಪುಣೆಯಲ್ಲಿರುವ ರಾಷ್ಟ್ರೀಯ ಶಿಲೀಂಧ್ರ ಸಂಗ್ರಹಕ್ಕೆ ಒಪ್ಪಿಸಬೇಕು. ೨೦೦೨ರ ಜೀವವೈವಿಧ್ಯ ಕಾಯಿದೆಯ ಪ್ರಕಾರ ಪ್ರತಿಯೊಂದು ಸ್ಥಳೀಯ ಸಂಸ್ಥೆಗೂ ಒಂದು ಜೀವವೈವಿಧ್ಯ ಸಮಿತಿ ಇರತಕ್ಕದ್ದು, ಜನತೆಯ ದಾಖಲೆಪುಸ್ತಕವೂ ಇರತಕ್ಕದ್ದು. ಆ ಪುಸ್ತಕದಲ್ಲಿ ಹುಲಿ, ಮಂಗಟ್ಟೆಗಳ ಜೊತೆಗೆ ಕೊರಡಿನ ಮೇಲಿನ ಅಣಬೆಗೂ ಒಂದು ಪುಟ ಸಲ್ಲಬೇಕು. ನಾಳೆ ಯಾರಾದರೂ ಅದರಿಂದ ಲಾಭ ಪಡೆದರೆ ಊರಿನ ಪಾಲನ್ನು ಕೇಳಲು ಬರಹದಲ್ಲಿರುವ ಸಾಕ್ಷ್ಯ ಬೇಕಾಗುತ್ತದೆ.

ಎಚ್ಚರಿಕೆಯ ಮಾತುಗಳೂ ಇವೆ. ಗ್ಯಾನೋಡರ್ಮವು ಅಡಿಕೆಯ ಬೇರನ್ನು ಹಿಡಿದು ಮರವನ್ನು ಕೊಲ್ಲುವ ಅಣಬೆರೋಗಕ್ಕೆ ಕಾರಣ. ಅದನ್ನು ಬೆಳೆಸಿದ ಹುಲ್ಲನ್ನು ಬೇಯಿಸದೆ ತೋಟಕ್ಕೆ ಎಸೆಯಲೇಬಾರದು. ಚಿಪ್ಪಣಬೆಯ ಬೀಜಧೂಳಿಯನ್ನು ಬಹುಕಾಲ ಉಸಿರಾಡಿದವರಿಗೆ ಶ್ವಾಸಕೋಶದ ತೊಂದರೆ ಬರುವುದುಂಟು, ಆದುದರಿಂದ ಗಾಳಿಯಾಡುವ ಕೋಣೆ ಬೇಕು, ಮೂಗಿಗೆ ಬಟ್ಟೆ ಬೇಕು. ಕಾಡಿನಿಂದ ತಂದ ಗುರುತರಿಯದ ಅಣಬೆಯನ್ನು ರುಚಿ ನೋಡುವ ಸಾಹಸ ಯಾರಿಗೂ ಬೇಡ. ಬಣ್ಣದ ನೀರು ಕಿಣ್ವದಿಂದ ತಿಳಿಯಾದ ಮಾತ್ರಕ್ಕೆ ವಿಷ ಹೋಯಿತೆಂದು ತಿಳಿಯುವುದೂ ತಪ್ಪು. ಕಣ್ಣಿಗೆ ಕಾಣದಾದುದು ಇಲ್ಲವಾಯಿತೆಂದು ಅರ್ಥವಲ್ಲ, ಅದನ್ನು ಬೇರೆಯಾಗಿ ಪರೀಕ್ಷಿಸಬೇಕು.

ನಮ್ಮ ಹಿರಿಯರು ಹಾಲನ್ನು ಮೊಸರಾಗಿಸಿದರು, ಇಡ್ಲಿಯ ಹಿಟ್ಟನ್ನು ಹುಳಿ ಬರಿಸಿದರು. ಕಣ್ಣಿಗೆ ಕಾಣದ ಜೀವಿಗಳನ್ನು ಪಳಗಿಸುವ ಕಲೆ ನಮ್ಮ ಅಡುಗೆಮನೆಗೆ ಹೊಸದಲ್ಲ. ಆ ಕಲೆಯನ್ನು ಕಸದ ರಾಶಿಯವರೆಗೆ ವಿಸ್ತರಿಸುವುದಷ್ಟೇ ಈಗ ಉಳಿದಿರುವುದು. ಮುಂದಿನ ಮಳೆಗಾಲದಲ್ಲಿ ಹೆಬಳೆಯ ಬೇಲಿಯ ಕೊರಡಿನ ಮೇಲೆ ಬಿಳಿಯ ಬೀಸಣಿಗೆಯೊಂದು ಮೂಡಿದರೆ, ಅದನ್ನು ಕಾಲಿನಿಂದ ಒದೆಯುವ ಮುನ್ನ ಅದರ ಕೆಳಗಿನ ಕಟ್ಟಿಗೆಯ ಬಣ್ಣವನ್ನೊಮ್ಮೆ ನೋಡಿರಿ. ಬಿಳಿಚಿಕೊಂಡಿದ್ದರೆ ಒಂದು ಚೂರನ್ನು ಕಾಗದದಲ್ಲಿ ಸುತ್ತಿ, ಊರು, ಮರ, ತಾರೀಖುಗಳನ್ನು ಬರೆದು ನಿಮ್ಮ ಉಪಾಧ್ಯಾಯರಿಗೆ ಒಪ್ಪಿಸಿರಿ.